ಬಂಡೆಗುಡ್ಡದ ಮುಳ್ಳು, ಕುರಿಹಟ್ಟಿಯ ನಾಯಿ

ಬಳ್ಳಾರಿಗೆ ಬಂದಿಳಿದವರ ಕಣ್ಣಿಗೆ ಮೊದಲು ಬೀಳುವುದು ಕಲ್ಲು. ಊರ ನಡುವೆಯೇ ಕೋಟೆಯನ್ನು ಹೊತ್ತು ನಿಂತ ಬಳ್ಳಾರಿ ಗುಡ್ಡ, ಅದಕ್ಕೆ ಜೊತೆಯಾಗಿ ಕುಂಬಾರ ಗುಡ್ಡ. ಸಿರುಗುಪ್ಪದ ರಸ್ತೆ ಹಿಡಿದು, ನಡುವೆ ಎಡಕ್ಕೆ ಹೊರಳಿದರೆ ಕುರುಗೋಡು. ಅಲ್ಲಿಯ ದೊಡ್ಡ ಬಸವೇಶ್ವರನ ಗುಡಿಯಲ್ಲಿರುವುದು ಏಕಶಿಲೆಯ ಬೃಹತ್ ನಂದಿ. ಊರ ಸುತ್ತ ಯಾರೋ ಪೇರಿಸಿಟ್ಟಂತೆ ಕಾಣುವ ಬಂಡೆಗಳ ಗುಡ್ಡಗಳು. ಮತ್ತೆ ರಸ್ತೆಗೆ ಬಂದು ಮುಂದೆ ಸಾಗಿದರೆ ತೆಕ್ಕಲಕೋಟೆ. ಅಲ್ಲಿಯ ಗುಡ್ಡಗಳಲ್ಲಿ 1960ರ ದಶಕದಲ್ಲಿ ನಡೆದ ಉತ್ಖನನದಿಂದ ನವಶಿಲಾಯುಗದ ಜನರ ನೆಲೆಗಳು ಬೆಳಕಿಗೆ ಬಂದವು. ಸಿರುಗುಪ್ಪ ಸಮೀಪಿಸಿದಂತೆ ಗುಡ್ಡಗಳು ಹಿಂದೆ ಸರಿದು, ತುಂಗಭದ್ರೆಯ ನೀರುಂಡ ಭತ್ತದ ಗದ್ದೆಗಳು ಕಣ್ಣು ತುಂಬುತ್ತವೆ.

ಹಗಲಲ್ಲೇ ನೋಡಿಕೊಂಡು ಹೋಗುವ ಪ್ರವಾಸಿಗೆ ಇಂಥ ಬಂಡೆನಾಡಿನ ಒಬ್ಬ ನಿವಾಸಿಯ ಪರಿಚಯವಾಗುವುದೇ ಇಲ್ಲ. ಅದು ಮುಳ್ಳುಹಂದಿ. ಹೆಸರಿನಲ್ಲಿ ಹಂದಿಯಿದ್ದರೂ ಇದು ಇಲಿ, ಅಳಿಲುಗಳ ಬಳಗದ ದಂಶಕ ಪ್ರಾಣಿ. ಬೆಳೆದದ್ದು 11ರಿಂದ 18 ಕಿಲೋ ತೂಗುತ್ತದೆ. ಹಗಲೆಲ್ಲ ಬಂಡೆಯ ಸಂದಿನಲ್ಲೋ ಬಿಲದಲ್ಲೋ ಮಲಗಿದ್ದು, ಕತ್ತಲಾದ ಮೇಲೆ ಗೆಡ್ಡೆ, ಬೇರು, ಹಣ್ಣು, ಹೊಲದ ಬೆಳೆ ಹುಡುಕಿ ಹೊರಡುತ್ತದೆ. 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದ ವನ್ಯಜೀವಿಗಳ ಪಟ್ಟಿಯಲ್ಲೂ ಇದರ ಹೆಸರಿದೆ.

ಬಳ್ಳಾರಿ ಎಂಬ ಹೆಸರಿನ ಕುರಿತಳಿಯೇ ಇರುವ ಸೀಮೆಯಿದು. ಕುರಿಯಿದ್ದಲ್ಲಿ ನಾಯಿ ಇರಲೇಬೇಕು. ಹಟ್ಟಿ ಕಾಯುವ ನಾಯಿಗೆ ತೋಳವಾದರೇನು, ಮುಳ್ಳುಹಂದಿಯಾದರೇನು, ಎರಡೂ ಕಳ್ಳರೇ. ಮುಳ್ಳುಹಂದಿ ಮೊದಲು ಎಚ್ಚರಿಕೆ ಕೊಡುತ್ತದೆ: ಮುಳ್ಳು ನಿಗುರಿಸುತ್ತದೆ, ಕಾಲಿನಿಂದ ನೆಲ ಗುದ್ದುತ್ತದೆ, ಬಾಲದ ತುದಿಯ ಟೊಳ್ಳು ಮುಳ್ಳುಗಳನ್ನು ಗಿಲಕಿಯಂತೆ ಅಲ್ಲಾಡಿಸುತ್ತದೆ. ನಾಯಿ ಇದಕ್ಕೆಲ್ಲ ಬಗ್ಗದೆ ಹಿಂದಿನಿಂದ ಬಾಯಿ ಹಾಕಲು ಹೋದಾಗ ಮುಳ್ಳುಹಂದಿ ಥಟ್ಟನೆ ಹಿಮ್ಮುಖವಾಗಿ ನುಗ್ಗುತ್ತದೆ. ಆ ವೇಗಕ್ಕೆ ಮುಳ್ಳು ನಾಯಿಯ ಮುಸುಡಿ, ಎದೆ, ಮುಂಗಾಲುಗಳಲ್ಲಿ ನೆಟ್ಟು ಅಲ್ಲೇ ಕಳಚಿ ಉಳಿಯುತ್ತದೆ.

ಮುಳ್ಳುಹಂದಿ ಬಾಣದಂತೆ ಮುಳ್ಳು ಬಿಡುತ್ತದೆ ಎಂಬ ಮಾತು ಹಳ್ಳಿಯಲ್ಲೂ ಇದೆ, ಪೇಟೆಯಲ್ಲೂ ಇದೆ. ಅದು ನಿಜವಲ್ಲ. ಮುಳ್ಳು ಎಂದರೆ ಗಟ್ಟಿಯಾದ ಕೂದಲೇ ಹೊರತು ಬೇರೇನಲ್ಲ. ಬುಡದಲ್ಲಿ ಸುಲಭವಾಗಿ ಕಳಚಿಕೊಳ್ಳುತ್ತದೆ, ಹಾರುವುದಿಲ್ಲ. ಆದರೆ ನೆಟ್ಟ ಮುಳ್ಳು ಎಂಥ ಪೆಟ್ಟು ಕೊಡಬಲ್ಲದೆಂಬುದನ್ನು ಕುಮಾವೂನಿನ ಬೇಟೆಗಾರ ಜಿಮ್ ಕಾರ್ಬೆಟ್ ಬರೆದಿಟ್ಟಿದ್ದಾರೆ. ಮುಕ್ತೇಶ್ವರದ ಹೆಣ್ಣುಹುಲಿಯೊಂದು ಮುಳ್ಳುಹಂದಿಯ ಮೇಲೆ ಬಿದ್ದು ಒಂದು ಕಣ್ಣು ಕಳೆದುಕೊಂಡಿತು, ಮುಂಗಾಲಿನಲ್ಲಿ ಐವತ್ತರಷ್ಟು ಮುಳ್ಳು ಹೊತ್ತು ನರಳಿತು, ಕಡೆಗೆ ನರಭಕ್ಷಕವಾಯಿತು. ಹುಲಿಯ ಗತಿಯೇ ಹೀಗಿರುವಾಗ ಹಟ್ಟಿಯ ನಾಯಿಯ ಪಾಡೇನು?

ಅಪಾಯವೆಲ್ಲ ಮುಳ್ಳಿನಿಂದಲೇ ಬರುವುದಿಲ್ಲ, ಅರ್ಧ ಅದನ್ನು ಕೀಳುವ ರೀತಿಯಿಂದಲೂ ಬರುತ್ತದೆ. ಮುಳ್ಳಿನೊಳಗೆ ಗಾಳಿ ತುಂಬಿದೆ, ತುದಿ ಕತ್ತರಿಸಿದರೆ ಗಾಳಿ ಹೋಗಿ ಸಲೀಸಾಗಿ ಬರುತ್ತದೆ ಎಂದು ಕತ್ತರಿ ತರುವವರಿದ್ದಾರೆ. ದಯವಿಟ್ಟು ಬೇಡ. ಮೈಯ ಮುಳ್ಳುಗಳ ಒಳಗಿರುವುದು ಬೆಂಡಿನಂಥ ತಿರುಳು. ಕತ್ತರಿಸಿದರೆ ಸೀಳಿ ಚೂರಾಗುತ್ತದೆ, ಹಿಡಿಯಲು ಏನೂ ಉಳಿಯುವುದಿಲ್ಲ. ಉತ್ತರ ಅಮೆರಿಕದ ಮುಳ್ಳುಹಂದಿಯ ಮುಳ್ಳಿನ ತುದಿಯಲ್ಲಿ ಗಾಳದಂಥ ಸೂಕ್ಷ್ಮ ಕೊಕ್ಕೆಗಳಿರುತ್ತವೆ. ನಮ್ಮದರಲ್ಲಿ ಅವಿಲ್ಲ, ಅದೊಂದು ಪುಣ್ಯ. ಆದರೆ ನಮ್ಮದು ದಪ್ಪ, ಉದ್ದ. ಆಳಕ್ಕಿಳಿಯುತ್ತದೆ, ಒಳಗೇ ಮುರಿಯಲೂಬಹುದು.

ಮೊದಲು ನಾಯಿಯನ್ನು ಅಲುಗಾಡದಂತೆ ಹಿಡಿಯಬೇಕು. ಕಾಲಿನಿಂದ ಮುಖ ಕೆರೆದುಕೊಂಡಷ್ಟೂ, ನೆಲದಲ್ಲಿ ಹೊರಳಿದಷ್ಟೂ ಮುಳ್ಳು ಒಳಸೇರುತ್ತದೆ. ನೋವಿನಲ್ಲಿ ಎಂಥ ಸಾಧು ನಾಯಿಯೂ ಕಚ್ಚೀತು, ಆದ್ದರಿಂದ ಇದು ಮಕ್ಕಳ ಕೆಲಸವಲ್ಲ. ಬಾಯಲ್ಲಿ ಮುಳ್ಳಿಲ್ಲದಿದ್ದರೆ ಮಾತ್ರ ಮೆತ್ತನೆಯ ಬಟ್ಟೆಯಿಂದ ಮೂತಿ ಸಡಿಲವಾಗಿ ಕಟ್ಟಬಹುದು. ಕಾಲಿನ ಚರ್ಮದಲ್ಲಿ ಮೇಲುಮೇಲಕ್ಕೆ ಒಂದೆರಡು ಮುಳ್ಳು ನೆಟ್ಟಿದ್ದು, ವೈದ್ಯರು ದೂರವಿದ್ದರೆ, ಚರ್ಮಕ್ಕೆ ಒತ್ತಿದಂತೆ ಇಕ್ಕಳದಿಂದ ಹಿಡಿದು, ಹೊಕ್ಕ ದಿಕ್ಕಿಗೇ ನೇರವಾಗಿ, ತಿರುಚದೆ ಎಳೆಯಬೇಕು. ಗಾಯಕ್ಕೆ ಪೊವಿಡೋನ್ ಅಯೋಡಿನ್ ದ್ರಾವಣ ಸಾಕು. ಮನುಷ್ಯರ ನೋವಿನ ಗುಳಿಗೆ ನುಂಗಿಸಬಾರದು; ಐಬುಪ್ರೊಫೇನ್‌ನಂಥವು ನಾಯಿಯ ಜಠರಕ್ಕೂ ಮೂತ್ರಪಿಂಡಕ್ಕೂ ಕೆಡುಕು.

ಕಣ್ಣು, ಬಾಯಿ, ಗಂಟಲು, ಎದೆ, ಹೊಟ್ಟೆ, ಕೀಲು ಇವುಗಳ ಬಳಿ ನೆಟ್ಟಿದ್ದನ್ನು ಮಾತ್ರ ಮುಟ್ಟಲೇಬಾರದು. ಎದೆಯ ಮುಳ್ಳು ಶ್ವಾಸಕೋಶದವರೆಗೆ ಇಳಿದಿದ್ದರೆ, ಕಿತ್ತ ತೂತಿನಿಂದ ಗಾಳಿ ನುಗ್ಗಿ ನಾಯಿ ಉಸಿರು ಕಟ್ಟಿ ಸಾಯಬಹುದು. ಇಲ್ಲಿ ಪಶುವೈದ್ಯರ ಅರಿವಳಿಕೆ, ಪ್ರತಿಜೈವಿಕ ಔಷಧಿಗಳೇ ಬೇಕು. ರೈತರು, ಕುರಿಗಾರರು ಜಾನುವಾರಿಗೆಂದು ಕರೆಯುವ ಪಶುಸಂಜೀವಿನಿಯ 1962 ಸಂಖ್ಯೆಗೆ ಫೋನ್ ಮಾಡಿ ವಿಚಾರಿಸಿದರೆ ದಾರಿ ತಿಳಿಯುತ್ತದೆ. ನಾಯಿ ಕಚ್ಚಿದರೆ, ಸಾಕಿದ್ದೇ ಆದರೂ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಸಿಟ್ಟಿಗೆ ಮುಳ್ಳುಹಂದಿಯ ಬಿಲಕ್ಕೆ ಹೊಗೆ ಹಾಕುವುದು, ಉರುಲು ಒಡ್ಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಮುಳ್ಳು ಕಿತ್ತ ಮೇಲೂ ಕೆಲವು ವಾರ ದಿನವೂ ನಾಯಿಯ ಮೈ ಸವರಿ ನೋಡಬೇಕು. ಒಳಗೆ ಉಳಿದ ಚೂರು ಸ್ನಾಯುಗಳ ನಡುವೆ ಸರಿಯುತ್ತ ಹೋಗಿ ಬೇರೆಲ್ಲೋ ಬಾವು ಎಬ್ಬಿಸುತ್ತದೆ. ಕುರಿಮಂದೆ ಒಂದೇ ಕಡೆ ನಿಲ್ಲುವಂಥದಲ್ಲ. ಕುಯಿಲಾದ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ತಂಗುತ್ತ ಊರಿಂದೂರಿಗೆ ಸಾಗುತ್ತದೆ. ಕುರುಗೋಡಿನ ಬಂಡೆಯಡಿ ಹೊಕ್ಕ ಮುಳ್ಳಿನ ಚೂರು, ಎರಡು ವಾರ ಕಳೆದು ಸಿರುಗುಪ್ಪದ ಗದ್ದೆಯಲ್ಲಿ ನಾಯಿಯ ಭುಜದ ಮೇಲೆ ಬಿಸಿ ಗಂಟಾಗಿ ಕೈಗೆ ಸಿಕ್ಕಬಹುದು. ಆಗ ಅಲ್ಲಿಯ ಪಶು ಆಸ್ಪತ್ರೆಯಲ್ಲಿ ಮುಳ್ಳುಹಂದಿಯ ಸಂಗತಿಯನ್ನು ಮರೆಯದೆ ಹೇಳಬೇಕು. ಹೇಳದಿದ್ದರೆ ವೈದ್ಯರು ಅದನ್ನು ಬರೀ ಬಾವೆಂದೇ ತಿಳಿದು ಕೀವು ತೆಗೆದು ಕಳಿಸಿಯಾರು.