ಗಣಕದ ಮುಂದೆ ಗಣಿತ

ನಮ್ಮ ಶಾಲೆಯ ಎಂಟನೆಯ ತರಗತಿಗೆ ಮುಂದಿನ ತಿಂಗಳು ಗಣಿತದ ಕಿರುಪರೀಕ್ಷೆಯೊಂದನ್ನು ಕಂಪ್ಯೂಟರಿನಲ್ಲಿ ನಡೆಸಬೇಕೆಂದು ತೀರ್ಮಾನವಾಗಿದೆ. ನಾನು ಕಲಿಸುವುದು ಕನ್ನಡ ಮತ್ತು ದೀನಿಯಾತ್. ಆದರೆ ಪರೀಕ್ಷೆಗಳ ಉಸ್ತುವಾರಿ ನನ್ನ ಪಾಲಿಗೆ ಬಂದಿರುವುದರಿಂದ, ಗಣಿತದ ಅಧ್ಯಾಪಕಿಯೊಡನೆ ಕುಳಿತು ಯೋಜನೆ ರೂಪಿಸುವ ಹೊಣೆಯೂ ನನ್ನದಾಯಿತು.

ಮಕ್ಕಳು 42, ಕಂಪ್ಯೂಟರುಗಳು 12. ಅಂದರೆ ನಾಲ್ಕು ತಂಡಗಳು. ಮೊದಲ ತಂಡ ಹೊರಬರುತ್ತಲೇ ಪ್ರಶ್ನೆಗಳೂ ಹೊರಬರುತ್ತವೆಂಬುದನ್ನು ಯಾವ ಅಧ್ಯಾಪಕರಿಗೂ ವಿವರಿಸಬೇಕಿಲ್ಲ. ಆದ್ದರಿಂದ ಲೆಕ್ಕದ ಕ್ರಮವನ್ನು ಹಾಗೆಯೇ ಉಳಿಸಿ, ಅಂಕಿಗಳನ್ನು ಮಾತ್ರ ಬದಲಿಸಿದ ನಾಲ್ಕು ಪತ್ರಿಕೆಗಳು ಸಿದ್ಧವಾಗುತ್ತಿವೆ.

ಸುದ್ದಿ ತಿಳಿದ ಒಬ್ಬ ತಂದೆ ಜುಮಾ ನಮಾಝಿನ ಬಳಿಕ ಕೇಳಿದರು: “ಉಸ್ತಾದರೇ, ನನ್ನ ಮಗಳು ಲೆಕ್ಕದಲ್ಲಿ ಸೋಲುವವಳಲ್ಲ. ಕೀಬೋರ್ಡಿನಲ್ಲಿ ಸೋತರೆ?” ಅವರ ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಇರುವ ಒಂದು ಮೊಬೈಲ್ ಬೆಳಿಗ್ಗೆಯೇ ಅವರೊಡನೆ ಕೆಲಸಕ್ಕೆ ಹೋಗುತ್ತದೆ. ಪ್ರಶ್ನೆ ನ್ಯಾಯವಾದದ್ದು. ಆದರೂ ಪರೀಕ್ಷೆಯೇ ಬೇಡವೆನ್ನಲು ನನ್ನ ಮನಸ್ಸು ಒಪ್ಪಲಿಲ್ಲ. ಇಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್ 2019ರಿಂದ ಸಂಪೂರ್ಣವಾಗಿ ಕಂಪ್ಯೂಟರಿನಲ್ಲೇ ನಡೆಯುತ್ತಿದೆ. ಅಲ್ಲಿ ಸಂಖ್ಯಾರೂಪದ ಉತ್ತರವನ್ನು ಪರದೆಯ ಮೇಲಿನ ಅಂಕಿಗಳನ್ನು ಮೌಸಿನಿಂದ ಒತ್ತಿ ತುಂಬಬೇಕು. ನಮ್ಮ ಮಕ್ಕಳು ಅದನ್ನು ಮೊತ್ತಮೊದಲು ಕಾಣುವುದು ಪರವೂರಿನ ಪರೀಕ್ಷಾ ಕೇಂದ್ರದಲ್ಲಿ, ಎದೆ ಹೊಡೆದುಕೊಳ್ಳುವ ಆ ಗಳಿಗೆಯಲ್ಲಿಯೇ ಆಗಬೇಕೇ?

ಯಂತ್ರಕ್ಕೆ ದಾಕ್ಷಿಣ್ಯವಿಲ್ಲ. ಒಬ್ಬ 0.5 ಎಂದೂ ಇನ್ನೊಬ್ಬ 1/2 ಎಂದೂ ಬರೆದರೆ ಇಬ್ಬರದೂ ಸರಿಯೆಂದು ಅದಕ್ಕೆ ಮುಂಚಿತವಾಗಿ ಹೇಳಿಕೊಡಬೇಕು. ಉತ್ತರಗಳನ್ನು ಸ್ಪ್ರೆಡ್‌ಶೀಟಿನಲ್ಲಿ ಟೈಪು ಮಾಡಹೊರಟರೆ ಮುಕ್ಕಾಲು, ಅಂದರೆ 3/4, ಒಂದು ತಾರೀಖಾಗಿ ಬದಲಾಗುತ್ತದೆ! ಹಳೆಯ ನುಡಿ ಅಕ್ಷರಗಳಲ್ಲಿದ್ದ ಪ್ರಶ್ನೆಗಳನ್ನು ಯೂನಿಕೋಡಿಗೆ ಪರಿವರ್ತಿಸದೆ ಹಾಕಿದರೆ ಮಕ್ಕಳಿಗೆ ಕಾಣಿಸುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು.

ಆದರೆ ಬಹು ಆಯ್ಕೆಯ ಪ್ರಶ್ನೆಯನ್ನು ಎಚ್ಚರದಿಂದ ಹೆಣೆದರೆ ಅದು ಮಗುವಿನ ಯೋಚನೆಯನ್ನೇ ತೋರಿಸಬಲ್ಲದು. ಫರಾಯಿದ್ ಪಾಠದಿಂದ ನಾನೊಂದು ಲೆಕ್ಕ ಕೊಟ್ಟೆ: ಮೃತನಿಗೆ ಪತ್ನಿ, ತಾಯಿ ಮತ್ತು ಒಬ್ಬ ಮಗನಿದ್ದಾರೆ. ಪತ್ನಿಗೆ 1/8, ತಾಯಿಗೆ 1/6, ಮಗನಿಗೆ ಉಳಿಯುವುದೆಷ್ಟು? ಸರಿಯುತ್ತರ 17/24. ಜೊತೆಗಿಟ್ಟ 7/24 ಆರಿಸಿದವನು ಕೂಡಿಸಿದ್ದಾನೆ, ಕಳೆಯಲು ಮರೆತಿದ್ದಾನೆ. 6/7 ಆರಿಸಿದವನು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ 2/14 ಮಾಡಿಕೊಂಡಿದ್ದಾನೆ. ಇಂತಹವರು ತರಗತಿಯಲ್ಲಿ ಎಷ್ಟು ಮಂದಿಯೆಂದು ಯಂತ್ರ ಕ್ಷಣದಲ್ಲಿ ಎಣಿಸಿಕೊಡುತ್ತದೆ. ಮರುದಿನದ ಪಾಠ ಎಲ್ಲಿಂದ ಆರಂಭವಾಗಬೇಕೆಂಬುದು ಅಧ್ಯಾಪಕಿಗೆ ತಿಳಿಯುತ್ತದೆ. ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ ಅಲ್ ಖ್ವಾರಿಝ್ಮಿ ಬರೆದ ಬೀಜಗಣಿತ ಗ್ರಂಥದ ದೊಡ್ಡದೊಂದು ಭಾಗ ವಾರೀಸು ಮತ್ತು ವಸಿಯ್ಯತ್‌ಗಳ ಲೆಕ್ಕಗಳಿಗೇ ಮೀಸಲಾಗಿದೆ. ಕಂಪ್ಯೂಟರಿನವರು ದಿನವೂ ಆಡುವ ಅಲ್ಗಾರಿದಂ ಎಂಬ ಪದ ಬಂದದ್ದು ಅವರ ಹೆಸರಿನಿಂದಲೇ.

ನನ್ನ ಮತ್ತು ಅಧ್ಯಾಪಕಿಯ ನಡುವೆ ಚರ್ಚೆ ನಡೆದದ್ದು ಹಂತಗಳ ಅಂಕದ ಕುರಿತು. ಕಾಗದದಲ್ಲಾದರೆ ಕೊನೆಯ ಸಾಲಿನಲ್ಲಿ ಎಡವಿದ ಮಗುವಿಗೂ ಹಿಂದಿನ ಸಾಲುಗಳಿಗೆ ಅಂಕ ದೊರೆಯುತ್ತದೆ. ಯಂತ್ರ ಕೊನೆಯ ಸಾಲನ್ನಷ್ಟೇ ನೋಡುತ್ತದೆ. ಅಂಕ ಹಾಕುವ ಶ್ರಮ ಉಳಿಯಲಿ ಎಂದೇ ಯಂತ್ರವನ್ನು ತರುತ್ತಿರುವಾಗ ಮತ್ತೆ ಕಾಗದವೇಕೆ ಎಂಬುದು ಅವರ ವಾದ. ನನಗದು ಒಪ್ಪಿಗೆಯಾಗಲಿಲ್ಲ. ಕೊನೆಗೆ 20 ಅಂಕಗಳಲ್ಲಿ 10 ಯಂತ್ರಕ್ಕೆ, 10 ಮಕ್ಕಳ ಬಿಳಿಹಾಳೆಯ ಕೆಲಸಕ್ಕೆ ಎಂದಾಯಿತು. ಹಾಳೆಗಳನ್ನು ತಿದ್ದುವುದರಲ್ಲಿ ನಾನೂ ಕೈಜೋಡಿಸುತ್ತೇನೆ.

ಈ ಮೊದಲ ಪರೀಕ್ಷೆಯ ಅಂಕ ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕಂಪ್ಯೂಟರ್ ಕೊಠಡಿ ತೆರೆದಿರುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಕ್ಕಳಿಗೆ ಅಲ್ಲಿ ಮೊದಲ ಸರದಿ. ಪೋಷಕರು ಅಂದು ಮಕ್ಕಳನ್ನು, ವಿಶೇಷವಾಗಿ ಹೆಣ್ಣುಮಕ್ಕಳನ್ನು, ಬೇಗನೆ ಮನೆಗೆ ಕರೆಸಿಕೊಳ್ಳದಿರಲಿ.