ಕಲ್ಲು ಕೇಂದ್ರದ್ದು, ಹುಂಡಿ ರಾಜ್ಯದ್ದು

ಬೆಟ್ಟ ಹತ್ತುವ ಆತುರದಲ್ಲಿ ಕಾರುಗಳು ನಂದಿ ಗ್ರಾಮವನ್ನು ಲೆಕ್ಕಿಸದೆ ಓಡಿಬಿಡುತ್ತವೆ. ಅಲ್ಲಿನ ಭೋಗನಂದೀಶ್ವರನಿಗೋ ಒಂದಲ್ಲ, ಎರಡು ಸರ್ಕಾರ! ಕಂಬ, ಗೋಪುರ, ಕಲ್ಯಾಣಿಯೆಲ್ಲ ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಪೂಜೆ, ಹುಂಡಿ, ಶಿವರಾತ್ರಿಯ ತೇರು ರಾಜ್ಯದ ಮುಜರಾಯಿಗೆ. ತೇರಿಗೆ ಬಾಳೆಹಣ್ಣು ಎಸೆಯುವ ರೈತನಿಗೆ ಈ ಪಾಲುಪಟ್ಟಿಯ ಗೊಡವೆಯಿಲ್ಲ.

ದೇವರ ಉಸಾಬರಿ ಸರ್ಕಾರಕ್ಕೇಕೆ ಎಂದು ಕೇಳುವವರು ಫ್ರಾನ್ಸಿನತ್ತ ಬೆರಳು ತೋರುತ್ತಾರೆ. ಅದು 1905ರಲ್ಲೇ ಕಾನೂನು ಮಾಡಿ ಚರ್ಚಿನ ನಂಟು ಕಡಿದುಕೊಂಡ ದೇಶ. ಆದರೆ ತಮಾಷೆ ನೋಡಿ, ಪ್ಯಾರಿಸ್ಸಿನ ನೊತ್ರ್ ದಾಮ್ 2019ರಲ್ಲಿ ಹೊತ್ತಿ ಉರಿದಾಗ ಸುಟ್ಟದ್ದು ಸರ್ಕಾರದ್ದೇ ಸ್ವತ್ತು! ಕಟ್ಟಡ ಸರ್ಕಾರದ್ದು, ಪ್ರಾರ್ಥನೆ ಚರ್ಚಿನದು.

ನಮ್ಮಲ್ಲಿ ಗಂಟು ಇನ್ನೂ ಬಿಗಿ. ಕರ್ನಾಟಕದ 1997ರ ಧಾರ್ಮಿಕ ದತ್ತಿ ಕಾಯ್ದೆಯನ್ನು ಹೈಕೋರ್ಟು 2006ರಲ್ಲಿ ಹೊಡೆದುಹಾಕಿತು. ಸುಪ್ರೀಂ ಕೋರ್ಟಿನ ತಡೆಯಾಜ್ಞೆಯಿಂದ ಅದು ಉಸಿರು ಹಿಡಿದುಕೊಂಡಿತು. ಹಾಗೆಂದು ಸರ್ಕಾರ ಕೈತೊಳೆದುಕೊಂಡು ಹೋದರೆ ಹಳ್ಳಿಗುಡಿಯ ಅರ್ಚಕನ ಗತಿಯೇನು? ಮೈಸೂರು ಸರ್ಕಾರ 1955ರ ಕಾನೂನಿನಿಂದ ದೇವರ ಇನಾಂ ಜಮೀನನ್ನು ತೆಗೆದುಕೊಂಡಿತ್ತು. ಅವನ ಕೈಗೆ ಬರುವ ತಸ್ತೀಕು ದಾನವಲ್ಲ, ಆ ಜಮೀನಿನ ಬದಲಿ.