ಒಂದೇ ಕೈಲಿ ಜಿಪ್ ಹಾಕ್ರಿ ನೋಡೋಣ (ಭಾಗ 6)

ಒಂದು ಸಣ್ಣ ಚಾಲೆಂಜ್. ಎಡಗೈ ಬೆನ್ನ ಹಿಂದೆ ಇಟ್ಕೊಳ್ಳಿ. ಈಗ ಬರೀ ಬಲಗೈಲಿ ನಿಮ್ಮ ಸ್ವೆಟರ್ ಜಿಪ್ ಹಾಕಿ. ಗೋಡೆಗೆ, ಟೇಬಲ್‌ಗೆ ಒತ್ತಿ ಹಿಡಿಯಂಗಿಲ್ಲ.

ಆಗ್ಲಿಲ್ಲ ಅಲ್ವಾ?

ಮೇಲಕ್ಕೆ ಎಳೆಯೋದು ಅಷ್ಟು ಕಷ್ಟ ಅಲ್ಲ. ಸಮಸ್ಯೆ ಇರೋದು ಕೆಳಗಿನ ತುದೀಲಿ. ಒಂದು ಬದಿಯ ಕಡ್ಡಿಯನ್ನ ಇನ್ನೊಂದು ಬದಿಯ ಪುಟ್ಟ ಡಬ್ಬಿಯೊಳಗೆ ನೆಟ್ಟಗೆ ಕೂರಿಸ್ಬೇಕು. ಗಿಡಿಯನ್ ಸಂಡ್‌ಬ್ಯಾಕ್ ಈಗಿನ ಮಾದರಿಯ ಹಲ್ಲುಗಳ ಜಿಪ್ ಮಾಡಿದ್ದು 1913ರಲ್ಲಿ. ನೂರು ವರ್ಷ ದಾಟಿದ್ರೂ ನಮ್ಮ ಸ್ವೆಟರ್‌ಗಳು ಎರಡು ಕೈ ಇರೋರಿಗೇ ಅಂತ ಹೊಲಿದಂಗೆ ಐತಿ.

ನಮ್ಮನೇಲಿ ಇದು ಚಾಲೆಂಜ್ ಅಲ್ಲ, ದಿನಾ ಬೆಳಗಿನ ಕತೆ. ಲಕ್ವ ಹೊಡೆದ ಮೇಲೆ ಅಜ್ಜನ ಎಡಗೈ ಅವನ ಮಾತು ಕೇಳಲ್ಲ. ಕೂಡ್ಲಿಗಿಯ ಡಿಸೆಂಬರ್ ಚಳೀಲಿ ಚಹಾದಂಗಡಿಗೆ ಹೋಗ್ಬೇಕಂದ್ರೆ ಯಾರಾದ್ರೂ ಬಂದು ಜಿಪ್ ಸೇರಿಸ್ಬೇಕು. ಕೇಳೋಕೆ ಸಂಕೋಚ. "ಚಳಿ ಏನಿಲ್ಲ ಬಿಡವ್ವ" ಅಂತ ತೆರೆದ ಸ್ವೆಟರ್‌ನಲ್ಲೇ ಹೊರಟುಬಿಡ್ತಾನೆ. ಚಳಿ ಇರುತ್ತೆ, ನಂಗೂ ಗೊತ್ತು, ಅವನಿಗೂ ಗೊತ್ತು.

ಇದಕ್ಕೆ ಹುಡುಕ್ತಾ ಸಿಕ್ಕಿದ್ದು 'ಮ್ಯಾಗ್‌ಜಿಪ್'. ಅಮೆರಿಕದ ಸ್ಕಾಟ್ ಪೀಟರ್ಸ್ ಅನ್ನೋ ಇಂಜಿನಿಯರ್ ಇದನ್ನ ರೂಪಿಸಿದ್ದು ಸ್ನಾಯು ಕಾಯಿಲೆಯಿಂದ ಜಿಪ್ ಹಾಕೋಕಾಗದ ತನ್ನ ಮಾವನಿಗಾಗಿ. ಕೆಳಗಿನ ಎರಡೂ ತುದೀಲಿ ಸಣ್ಣ ಮ್ಯಾಗ್ನೆಟ್. ಹತ್ತಿರ ತಂದ್ರೆ ಸಾಕು, ತಾವೇ ಎಳ್ಕೊಂಡು ಕೊಕ್ಕೆಗೆ ಕೂತ್ಕೊಳ್ತವೆ. ಆಮೇಲೆ ಒಂದೇ ಕೈಲಿ ಮೇಲಕ್ಕೆ. 2014ರಲ್ಲಿ ಅಂಡರ್ ಆರ್ಮರ್ ಕಂಪನಿ ಇದನ್ನ ತನ್ನ ಜಾಕೆಟ್‌ಗಳಿಗೆ ಹಾಕ್ತು.

ಈಗ ನಮ್ಮೂರಿಗೆ ತಂದು ಯೋಚಿಸಿ: ಕೈ ಮುರಿದು ಪ್ಲಾಸ್ಟರ್ ಹಾಕಿಸ್ಕೊಂಡೋರು. ಅಂಗನವಾಡಿ ಮಕ್ಕಳು. ಕೀಲುನೋವಿಂದ ಬೆರಳು ಮಡಚೋಕಾಗದ ಅಜ್ಜಿಯರು. ಕಣ್ಣು ಕಾಣದೋರು. ಮಳೇಲಿ ರೇನ್‌ಕೋಟ್ ಜೊತೆ ಒದ್ದಾಡೋ ನಾವೆಲ್ಲ. (ಪೇಸ್‌ಮೇಕರ್ ಇದ್ದೋರು ಮಾತ್ರ ಮ್ಯಾಗ್ನೆಟ್ ಬಟ್ಟೆ ಹಾಕೋ ಮುಂಚೆ ಡಾಕ್ಟರ್‌ನ ಕೇಳ್ಬೇಕು.)

ನಮ್ಮೂರ ಅಂಗಡೀಲಿ ಕೇಳಿದೆ, ಇಲ್ಲ ಅಂದ್ರು. ಅಲ್ಲೀವರೆಗೂ ಮೂರು ಉಪಾಯ, ಸೇವ್ ಮಾಡ್ಕೊಳ್ಳಿ:

1. ಜಿಪ್‌ನ ಕೆಳಗಿನ ಒಂದು ಗೇಣು ಸೇರಿಸಿ, ಟೈಲರ್ ಹತ್ರ ಹೊಲಿಸಿಬಿಡಿ. ಸ್ವೆಟರ್ ತಲೆ ಮೇಲಿಂದ ಹಾಕ್ಕೋಬಹುದು. ಕಡ್ಡಿ ಕೂರಿಸೋ ಗೋಜೇ ಇಲ್ಲ.
2. ಎಳೆಯೋ ತುದಿಗೆ ಕೀ ರಿಂಗ್ ಹಾಕಿ. ಬೆರಳು ತೂರಿಸಿ ಎಳೆದ್ರೆ ಆಯ್ತು.
3. ಹಾಕುವಾಗ ಸ್ವಾಧೀನ ಇಲ್ಲದ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ.

ಇನ್ನೊಂದು ಮಾತು, ಡಿಪ್ಲೊಮಾ, ಐಟಿಐ ಓದ್ತಿರೋ ಗೆಳೆಯರಿಗೆ. ಜೀನ್ಸ್‌ಗೆ ಹೆಸರಾದ ಬಳ್ಳಾರಿ ನಮ್ಮ ಪಕ್ಕದಲ್ಲೇ ಐತಿ. ಹೊಲಿಯೋ ಕೈಗಳಿಗೇನು ಬರ ಇಲ್ಲ. ನಿಮ್ಮ ಮುಂದಿನ ಪ್ರಾಜೆಕ್ಟ್‌ಗೆ ಒಂದೇ ಕೈಲಿ ಹಾಕೋ ಜಿಪ್ ಯಾಕಾಗಬಾರದು?

ಸಹಾಯ ಮಾಡೋದು ಒಳ್ಳೇದೇ. ಆದ್ರೆ ಸಹಾಯ ಕೇಳೋ ಪ್ರಸಂಗಾನೇ ಬರದಂಗೆ ಒಂದು ವಸ್ತು ಮಾಡೋದು ಇನ್ನೂ ಒಳ್ಳೇದು.

ನಿಮ್ಮನೇಲಿ ಯಾರು ಯಾವ ವಸ್ತು ಜೊತೆ ಸುಮ್ಮನೆ ಒದ್ದಾಡ್ತಿದ್ದಾರೆ? ಇವತ್ತು ಒಮ್ಮೆ ಗಮನಿಸಿ, ಕಾಮೆಂಟಲ್ಲಿ ಬರೀರಿ. ಭಾಗ 7 ಅದರ ಮೇಲೇನೇ.

#ಕೂಡ್ಲಿಗಿ #ದಿನಬಳಕೆಯ_ವಿಜ್ಞಾನ #ಒಂದೇ_ಕೈ